ಅರಿಶಿನ ಕುಂಕುಮದ ಬಾಬ್ತು

ಬೇಲಿಯಲ್ಲಿ ಹನ್ನೊಂದು ಹಾಲವಾಣದ ಗೂಟಗಳಿದ್ದವು. ನಾಲ್ಕು ಚಿಗುರಿ ಮರವಾಗಿದ್ದವು, ಆರು ಒಣಗಿ ಗೆದ್ದಲು ಹಿಡಿದಿದ್ದವು, ಒಂದನ್ನು ಈಚೆಗೆ ಬದಲಿಸಿದ್ದರು. ಅದರ ತುದಿಯಲ್ಲಿ ಕತ್ತಿ ಬಿದ್ದ ಗುರುತು ಇನ್ನೂ ಹಸಿಯಾಗಿತ್ತು. ಇದನ್ನೆಲ್ಲ ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಬೇಲಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ನೋಡಿಕೊಂಡು ಬಾ ಎಂದಷ್ಟೇ ಅಪ್ಪ ಹೇಳಿದ್ದರು. ಗೂಟ ಎಣಿಸಲು ಯಾರೂ ಹೇಳಿರಲಿಲ್ಲ. ಒಪ್ಪಿಸಿದ ಕೆಲಸವನ್ನು ಬೇಕಾದ್ದಕ್ಕಿಂತ ಒಂದಿಷ್ಟು ಜಾಸ್ತಿ ಸರಿಯಾಗಿ ಮಾಡುವ ಚಾಳಿ ನನಗೆ ಚಿಕ್ಕಂದಿನಿಂದ ಇತ್ತು. ಆ ತಿಂಗಳು ಆದದ್ದಕ್ಕೆಲ್ಲ ಆ ಚಾಳಿಯೇ ಮೂಲ.

ತಾತ ತೀರಿಕೊಂಡು ವರ್ಷ ತುಂಬಿತ್ತು. ಯಸಳೂರು ಕಡೆಯ ನಮ್ಮ ತೋಟ ಅಪ್ಪನಿಗೂ ಚಿಕ್ಕಪ್ಪನಿಗೂ ಎರಡು ಪಾಲಾಗಬೇಕಿತ್ತು. ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ, ನಾಲ್ಕಾರು ಕಾಲೇಜುಗಳಿಗೆ ಅರ್ಜಿ ಹಾಕಿ, ಉತ್ತರಕ್ಕೆ ಕಾಯುತ್ತ ಮನೆಯಲ್ಲಿದ್ದೆ. ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ಪಾಲುಪಟ್ಟಿಯ ಕರಡು ಬರೆಯುವ ಕೆಲಸವನ್ನು ನನಗೆ ಕೊಟ್ಟರು.

ಬೇಲಿಯೊಳಗೆ ಒಂದು ಹಂಚಿನ ಮನೆ, ಹಿಂದೆ ಹಿತ್ತಲು. ಎಲ್ಲ ಸೇರಿ ಎಂಟು ಗುಂಟೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಪಕ್ಕದಲ್ಲಿದ್ದುದರಿಂದ ಅದು ಪಲ್ಪರ್ ಮನೆ. ಅಲ್ಲಿ ಇಬ್ಬರು ಹೆಂಗಸರಿದ್ದರು: ನಮ್ಮ ತೋಟದಲ್ಲಿ ಕುಯ್ಲು ಮಾಡಿಯೇ ಮುದುಕಿಯಾದ ಅವ್ವ, ಮತ್ತು ನನ್ನದೇ ವಯಸ್ಸಿನ ಅವಳ ಮಗಳು. ಅವ್ವನ ಗಂಡ ಪಲ್ಪರ್ ನಡೆಸುತ್ತಿದ್ದವನು. ಒಂದು ಕುಯ್ಲಿನ ಸುಗ್ಗಿಯಲ್ಲಿ ಎದೆನೋವು ಬಂದು ಯಂತ್ರದ ಪಕ್ಕದಲ್ಲೇ ಕುಸಿದು ಹೋದ. ಅವನ ತಿಥಿಯ ದಿನ ತಾತ ಹೇಳಿದರಂತೆ, "ಈ ಮನೆ ನಿಂದೇ ಕಣವ್ವ. ನಾನಿದ್ರೂ ಇಲ್ದಿದ್ರೂ ನಿನ್ನ ಯಾರೂ ಏಳಿಸಾಂಗಿಲ್ಲ." ಆ ಮಾತನ್ನು ನಾನು ಕಿವಿಯಾರೆ ಕೇಳಿದವಳಲ್ಲ. ಅಪ್ಪ ಕೇಳಿದ್ದರು, ಚಿಕ್ಕಪ್ಪ ಕೇಳಿದ್ದರು, ಕುಯ್ಲಿಗೆ ಬಂದಿದ್ದವರೆಲ್ಲ ಕೇಳಿದ್ದರು. ಕಾಗದದಲ್ಲಿ ಮಾತ್ರ ಎಲ್ಲೂ ಇರಲಿಲ್ಲ. ಆ ಮನೆ ಅವರಿಗೆ ಉಳಿಯುತ್ತದೋ ಇಲ್ಲವೋ ಎಂಬುದು ಮುಂದಿನ ಮೂರು ವಾರ ನನ್ನ ತಲೆಯಲ್ಲಿದ್ದ ಒಂದೇ ವಿಷಯ.

ಗೂಟ ಎಣಿಸುತ್ತಿದ್ದಾಗ ಮಗಳು ಹಿತ್ತಲಿನಿಂದ ಬಂದು ಬೇಲಿಗೆ ಕೈ ಕೊಟ್ಟು ನಿಂತಳು.

"ಏನ್ ಅಮ್ಮಾರೆ, ನಮ್ಮ ಬೇಲಿ ಗೂಟಕ್ಕೂ ಹಾಜರಿ ಹಾಕ್ತಿದ್ದೀರಾ? ಒಂದು ಗೂಟ ನೆನ್ನೆ ರಜಾ ಹಾಕಿತ್ತು. ಬರ್ಕಳಿ."

"ಅಪ್ಪ ನೋಡ್ಕೊಂಡು ಬಾ ಅಂದ್ರು," ಎಂದೆ.

"ನೋಡಿ, ನೋಡಿ. ನೋಡಕ್ಕೆ ಏನೂ ಇಲ್ಲ."

ಏಳನೇ ಕ್ಲಾಸಿನವರೆಗೆ ಅವಳು ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ಇಬ್ಬರೂ ಒಂದೇ ಬೆಂಚು. ಅವಳು ನನಗಿಂತ ಜಾಣೆಯಾಗಿದ್ದಳು ಎಂದು ಬರೆದರೆ ಇದನ್ನು ಓದುವವರಿಗೆ ಸುಲಭವಾಗುತ್ತದೆ. ಆದರೆ ಹಾಗಿರಲಿಲ್ಲ. ಲೆಕ್ಕದಲ್ಲಿ ಅವಳು ಮುಂದೆ, ಉಕ್ತಲೇಖನದಲ್ಲಿ ನಾನು ಮುಂದೆ. ಒಟ್ಟು ಅಂಕ ಹೆಚ್ಚುಕಮ್ಮಿ ಒಂದೇ. ಏಳನೆಯದು ಮುಗಿದ ಬೇಸಿಗೆಯಲ್ಲಿ ನನ್ನನ್ನು ಹಾಸನದ ಹಾಸ್ಟೆಲಿಗೆ ಸೇರಿಸಿದರು. ಅವಳು ಹೈಸ್ಕೂಲಿಗೆ ಹೋಗಬೇಕಾದರೆ ದಿನಾ ಎರಡು ಬಸ್ಸು ಹತ್ತಬೇಕಿತ್ತು. ಆ ವರ್ಷ ಅವ್ವನಿಗೆ ಸೊಂಟ ಹಿಡಿದುಕೊಂಡಿತು, ಮಗಳು ಅವ್ವನ ಬದಲಿಗೆ ತೋಟದ ಕೂಲಿ ಹಾಜರಿಗೆ ನಿಂತಳು. ಒಂದು ವರ್ಷಕ್ಕೆಂದು ನಿಂತದ್ದು.

ಪಿಯುಸಿಯಲ್ಲಿ ನಾನು ಗಣಿತದಲ್ಲಿ ಫೇಲಾದೆ. ಇದನ್ನು ಈಚಿನವರೆಗೆ ಯಾರಿಗೂ ಹೇಳುತ್ತಿರಲಿಲ್ಲ. ಅಪ್ಪ ಒಂದು ಮಾತೂ ಆಡದೆ ಹಾಸನದಲ್ಲಿ ಟ್ಯೂಷನ್ನಿಗೆ ಸೇರಿಸಿ, ಇನ್ನೊಂದು ವರ್ಷ ಹಾಸ್ಟೆಲಿನಲ್ಲಿಟ್ಟರು. ಅವಳ ಒಂದು ವರ್ಷ ಹೋಯಿತು, ನನ್ನದೂ ಒಂದು ವರ್ಷ ಹೋಯಿತು. ನನ್ನದನ್ನು ಯಾರೋ ಹಿಂದಕ್ಕೆ ತಂದುಕೊಟ್ಟರು. ನಮ್ಮಿಬ್ಬರ ನಡುವಿನ ವ್ಯತ್ಯಾಸ ಇಷ್ಟೇ ಎಂದು ಎಂ.ಎ. ಓದುವಾಗ ಒಂದು ದಿನ ಲೈಬ್ರರಿಯಲ್ಲಿ ಕುಳಿತಿದ್ದಾಗ ಹೊಳೆದಿತ್ತು. ಹೊಳೆದದ್ದರಿಂದ ಏನೂ ಆಗಲಿಲ್ಲ. ರಜೆಗೆ ಊರಿಗೆ ಬಂದಾಗ ಅವಳು "ನೀವು" ಎಂದಳು, ನಾನು ಬೇಡವೆನ್ನಲಿಲ್ಲ.

ನಮ್ಮ ಮನೆಯಲ್ಲಿ ಯಾರೂ ತಮ್ಮನ್ನು ಶ್ರೀಮಂತರೆಂದು ತಿಳಿದವರಲ್ಲ. ಯಾರಾದರೂ ತೋಟದ ಮಾತೆತ್ತಿದರೆ ಅಪ್ಪ, "ನಮ್ದೇನೈತೆ, ಅಪ್ಪಯ್ಯ ಮಾಡಿಟ್ಟದ್ದು" ಎನ್ನುತ್ತಿದ್ದರು. ಅದು ಅವರ ವಿನಯ. ಪಟ್ಟಿ ಬರೆಯಲು ಕುಳಿತ ಮೇಲೆ "ಮಾಡಿಟ್ಟದ್ದು" ಎಂಬ ಮಾತು ನನಗೆ ಚುಚ್ಚತೊಡಗಿತು. ಪ್ರತಿ ಗಿಡಕ್ಕೂ ಒಂದೂವರೆ ಅಡಿ ಗುಂಡಿ ತೆಗೆದವರು ಯಾರು ಎಂದು ನನಗೆ ಗೊತ್ತಿತ್ತು. ಅವರಲ್ಲಿ ಕೆಲವರು ಇನ್ನೂ ಲೈನಿನ ಸಾಲುಮನೆಗಳಲ್ಲೇ ಇದ್ದರು. ಪಟ್ಟಿಯಲ್ಲಿ ಆ ಸಾಲುಮನೆಗಳೂ ಇದ್ದವು.

ಪಾಲು ಮಾಡುವುದರಲ್ಲಿ ನಮ್ಮ ಮನೆಗೆ ಒಂದು ಪದ್ಧತಿಯುಂಟು. ಹಿರಿಯವನು ಎರಡು ಪಾಲು ಮಾಡಬೇಕು, ಕಿರಿಯವನು ಮೊದಲು ಆರಿಸಿಕೊಳ್ಳಬೇಕು. ಹಾಗಾಗಿ ಅಪ್ಪ ತಿಂಗಳುಗಟ್ಟಲೆ ತೂಗಿ ನೋಡಿ ತೋಟವನ್ನು ಮೇಲಿನದು, ಕೆಳಗಿನದು ಎಂದು ಎರಡು ಮಾಡಿದರು. ಮೇಲಿನದಕ್ಕೆ ಸ್ಟೋರು, ಜೀಪಿನ ದಾರಿ, ಕಾಫಿ ಒಣಗಿಸುವ ಕಣ. ಕೆಳಗಿನದಕ್ಕೆ ಹಳ್ಳ, ಪಲ್ಪರ್, ಹೊಸ ಗಿಡ. ಎಂಟು ಲೈನ್ ಮನೆಗಳಲ್ಲಿ ನಾಲ್ಕು ಆಕಡೆ, ನಾಲ್ಕು ಈಕಡೆ. ಮನೆಯ ಜೊತೆಗೆ ಒಳಗಿದ್ದವರೂ ಆಯಾ ಪಾಲಿಗೆ ಸೇರುವುದು ಎಂದು ಯಾರೂ ಹೇಳಲಿಲ್ಲ, ಬರೆಯಲೂ ಇಲ್ಲ. ಎಲ್ಲರಿಗೂ ಅದು ಗೊತ್ತಿದ್ದದ್ದೇ. ಕರಡನ್ನು ಓದಿ ಹೇಳಿದಾಗ, ಕೆಳಗಿನದರ ಮೇಲೆ ಮೊದಲೇ ಕಣ್ಣಿಟ್ಟಿದ್ದ ಚಿಕ್ಕಪ್ಪ ಕಾಲು ಚಾಚಿ ಕುಳಿತು ನಕ್ಕರು.

"ಅಣ್ಣ, ಒಳ್ಳೆ ಕುಯ್ಯೋರನ್ನೆಲ್ಲ ನಿನ್ನ ಕಡೆಗೇ ಹಾಕ್ಕಂಡಿದ್ದೀಯ. ನನ್ನ ನಾಲ್ಕು ಮನೇಲಿ ಮೂರ್ರಾಗೆ ಬರೀ ಮಾತಾಡೋರು."

"ಹಂಗಾದ್ರೆ ನೀನು ಮೇಲಿಂದು ತಗೋ."

"ಬ್ಯಾಡ ಮಾರಾಯ. ನಂಗೆ ನೀರು ಬೇಕು."

ಚಿಕ್ಕಪ್ಪ ಕೆಳಗಿನದನ್ನು ಆರಿಸಿಕೊಂಡರು. ಅವರು ಕೆಟ್ಟವರಲ್ಲ. ನನಗೆ ಜೀಪು ಓಡಿಸಲು ಕಲಿಸಿದವರು ಅವರೇ. ಪರೀಕ್ಷೆ ಫೇಲಾದಾಗ ಸಕಲೇಶಪುರಕ್ಕೆ ಕರೆದುಕೊಂಡು ಹೋಗಿ ದೋಸೆ ಕೊಡಿಸಿ, ಒಂದು ಪ್ರಶ್ನೆಯನ್ನೂ ಕೇಳದೆ ವಾಪಸು ಕರೆತಂದವರೂ ಅವರೇ.

ಪತ್ರ ಬರಹಗಾರರು ಸಕಲೇಶಪುರದಲ್ಲಿ ನೋಂದಣಿ ಕಚೇರಿಯ ಎದುರು ಒಂದು ಕೋಣೆಯಲ್ಲಿ ಕೂರುತ್ತಿದ್ದ ಹಿರಿಯ ಸಾಹೇಬರು. ತಾತನ ಕಾಲದಿಂದ ನಮ್ಮ ಮನೆಯ ಕಾಗದಪತ್ರಗಳನ್ನು ಬರೆದವರು. ನನ್ನ ಕರಡನ್ನು ಕೈಯಲ್ಲಿ ಹಿಡಿದು, "ಅಕ್ಷರ ಮುತ್ತಿನಂಗೈತೆ," ಎಂದು ಹೊಗಳಿ, ಗಟ್ಟಿಯಾಗಿ ಓದತೊಡಗಿದರು. ಅಪ್ಪ, ಚಿಕ್ಕಪ್ಪ ಎರಡು ಕುರ್ಚಿಗಳಲ್ಲಿ. ನಾನು ಗೋಡೆಗೆ ಹಾಕಿದ್ದ ಬೆಂಚಿನ ಮೇಲೆ.

ಜಮೀನಿನ ಪತ್ರದಲ್ಲಿ ಚಕ್ಕುಬಂದಿ ಎಂಬುದೊಂದು ಇರುತ್ತದೆ. ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು ಎಂದು ನಾಲ್ಕೂ ಕಡೆಯ ಗಡಿಯನ್ನು ಹೇಳಬೇಕು. ನಾನು ಮೇಲಿನ ಪಾಲಿಗೆ, "ಪೂರ್ವಕ್ಕೆ: ಪಲ್ಪರ್ ಮನೆ ಅವ್ವನ ಮನೆ ಮತ್ತು ಹಿತ್ತಲು" ಎಂದು ಬರೆದಿದ್ದೆ. ಕೆಳಗಿನ ಪಾಲಿಗೆ, "ಪಶ್ಚಿಮಕ್ಕೆ: ಸದರಿ ಮನೆ ಮತ್ತು ಹಿತ್ತಲು" ಎಂದು. ಬೇಲಿಯನ್ನು ಕಣ್ಣಾರೆ ನೋಡಿ ಬಂದಿದ್ದೆನಲ್ಲ. ಸಾಹೇಬರು ಅಲ್ಲಿಗೆ ಬಂದು ನಿಲ್ಲಿಸಿದರು. ಮೊದಲ ಹಾಳೆಯನ್ನು ಮತ್ತೆ ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಗೌಡ್ರೆ, ಇದು ಯಾರ ಸ್ವತ್ತು?"

"ನಮ್ದೇ," ಎಂದರು ಅಪ್ಪ.

"ನಿಮ್ದಾದ್ರೆ ಇಬ್ಬರಲ್ಲಿ ಒಬ್ಬರ ಪಾಲೊಳಗೆ ಇರ್ಬೇಕಲ್ಲ. ಇಲ್ಲಿ ಇಬ್ಬರಿಗೂ ಗಡಿ ಆಗಿ ಕೂತೈತೆ. ಚಕ್ಕುಬಂದಿಗೆ ಹೆಸರು ಬಂತು ಅಂದ್ರೆ ಅದು ಬೇರೆಯವರದ್ದು ಅಂತ ನೀವೇ ಬರ್ಕೊಟ್ಟಂಗೆ. ಎರಡು ಪಾಲೂ ಕೂಡಿಸಿದ್ರೆ ಪಹಣಿಗಿಂತ ಎಂಟು ಗುಂಟೆ ಕಮ್ಮಿ ಬರ್ತದೆ, ನೋಡಿ."

ಅಪ್ಪ ಹಾಳೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಓದಿದರು. ಆಮೇಲೆ ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಎಂ.ಎ. ಮಾಡಿ ಎಂಟು ಗುಂಟೆ ದಾನ ಮಾಡ್ಬುಟ್ಟೆಯಲ್ಲ ಮಗಾ." ಅಪ್ಪನೂ ನಕ್ಕರು. ಸಾಹೇಬರು ನಕ್ಕರು. ನಾನೂ ನಕ್ಕಿರಬೇಕು, ಮುಖ ಬಿಸಿಯಾದದ್ದು ನೆನಪಿದೆ.

ನಗು ಮುಗಿದ ಮೇಲೆ ಚಿಕ್ಕಪ್ಪ ಮುಂದಕ್ಕೆ ಬಾಗಿ ಕುಳಿತರು. ಅವರು ಆ ಜಾಗದ ಬಗ್ಗೆ ಯೋಚಿಸತೊಡಗಿದ್ದು ನನಗೆ ಕಾಣಿಸಿತು. ಅಲ್ಲಿಯವರೆಗೆ ಯೋಚಿಸಿರಲಿಲ್ಲ.

"ಅಣ್ಣ, ಹಂಗಾದ್ರೆ ಅದು ನನ್ನ ಕಡೆಗೆ ಸೇರ್ಲಿ. ಜೀಪು ಇಳಿಸಕ್ಕೆ ಅದೊಂದೇ ಸಪಾಟು ಜಾಗ. ಗಾಡಿದಾರೀಲಿ ಇಳಿಸಿದ್ರೆ ಹಳ್ಳಕ್ಕೇ ಹೋಗ್ತದೆ."

"ಅಲ್ಲಿ ಆ ಹೆಂಗಸು ಐತಲ್ಲೋ."

"ಲೈನಲ್ಲಿ ಒಂದು ಮನೆ ಖಾಲಿ ಬಿದ್ದೈತೆ. ಯುಗಾದಿ ಕಳೀಲಿ, ಅಲ್ಲಿಗೆ ಹೋಗ್ತದೆ. ನಾನೇನು ಬೀದಿಗೆ ಹಾಕ್ತೀನಾ?"

ಅಪ್ಪ ಕೈಯಲ್ಲಿದ್ದ ಪೆನ್ನಿನ ಮುಚ್ಚಳವನ್ನು ತೆಗೆದರು, ಮುಚ್ಚಿದರು, ಮತ್ತೆ ತೆಗೆದರು. "ಅಪ್ಪಯ್ಯ ಮಾತು ಕೊಟ್ಟಿದ್ರು," ಎಂದರು, ತೀರ ಮೆಲ್ಲಗೆ. "ಕೊಟ್ಟಿದ್ರು. ಆಗ ಜೀಪು ಇರ್ಲಿಲ್ಲ," ಎಂದರು ಚಿಕ್ಕಪ್ಪ. ಅದೂ ಸುಳ್ಳಲ್ಲ.

ಸಾಹೇಬರು ಕನ್ನಡಕ ಹಾಕಿಕೊಂಡು ಸಹಿ ಹಾಕುವವರ ಪಟ್ಟಿಗೆ ಬಂದರು. ನನ್ನ ಮದುವೆ ಆಗಿದೆಯೇ ಎಂದು ನನ್ನನ್ನಲ್ಲ, ಅಪ್ಪನನ್ನು ಕೇಳಿದರು. ಇಲ್ಲವೆಂದಾಗ, "ಹಂಗಾದ್ರೆ ಮಗಳ ಸಹಿ ಬೇಕು. ತೊಂಬತ್ನಾಲ್ಕರಿಂದ ಕಾನೂನು ಬದಲಾಗೈತೆ. ಮದುವೆ ಆಗದ ಮಗಳಿಗೂ ಮಗನಷ್ಟೇ ಹಕ್ಕು. ಅವರು ಬಿಟ್ಟುಕೊಟ್ಟೆ ಅಂತ ಸಹಿ ಹಾಕದೆ ಇದು ನಿಲ್ಲಲ್ಲ," ಎಂದರು. ಮಂಗಳೂರಿನಲ್ಲಿ ಓದುತ್ತಿದ್ದ ನನ್ನ ತಮ್ಮನ ಹೆಸರು ಪಟ್ಟಿಯಲ್ಲಿ ಮೊದಲೇ ಇತ್ತು. ನನ್ನ ಕೈಯಲ್ಲೇ ಬರೆದ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ. ಇರಬೇಕೆಂದು ನನಗೂ ಹೊಳೆದಿರಲಿಲ್ಲ.

"ಅವಳ್ದೇನು, ಹಾಕ್ತಾಳೆ," ಎಂದರು ಚಿಕ್ಕಪ್ಪ.

"ಅರಿಶಿನ ಕುಂಕುಮಕ್ಕೆ ಏನಂತ ಬರೀಲಿ?"

ಹಕ್ಕು ಬಿಡುವ ಹೆಣ್ಣುಮಗಳಿಗೆ ಏನಾದರೂ ಕೊಟ್ಟಂತೆ ಪತ್ರದಲ್ಲಿ ತೋರಿಸುತ್ತಾರೆ. ಅದನ್ನು ಅರಿಶಿನ ಕುಂಕುಮದ ಬಾಬ್ತು ಎನ್ನುವುದು ರೂಢಿ. ಅಪ್ಪ, "ಆಮೇಲೆ ಹೇಳ್ತೀವಿ, ಜಾಗ ಬಿಟ್ಟಿರಿ," ಎಂದರು. ಸಾಹೇಬರು ಮೊದಲ ಸಲ ನನ್ನ ಕಡೆ ತಿರುಗಿ, "ನೀವೇನಂತೀರಮ್ಮ?" ಎಂದು ಕೇಳಿದರು. ನಾನು ಅಪ್ಪನ ಕಡೆ ನೋಡಿದೆ. ಅವರು ಒಂದು ಸಾಲಿನಷ್ಟು ಜಾಗ ಬಿಟ್ಟು ಮುಂದಕ್ಕೆ ಹೋದರು.

ಜೀಪಿನಲ್ಲಿ ಹಿಂದೆ ಕುಳಿತು ಬರುವಾಗ ಚಕ್ಕುಬಂದಿಯ ಆ ಸಾಲನ್ನೇ ಮನಸ್ಸಿನಲ್ಲಿ ತಿರುಗಿಸುತ್ತಿದ್ದೆ. ನಾನು ಬರೆಯದೆ ಇದ್ದಿದ್ದರೆ, ಅಥವಾ ಎಲ್ಲರಂತೆ ಸೋಮಾರಿತನದಿಂದ "ನಮ್ಮ ಬಾಬ್ತು ಇತರೆ ಜಾಗ" ಎಂದು ಬರೆದಿದ್ದರೆ, ಆ ಮನೆ ಇನ್ನೂ ಹತ್ತು ವರ್ಷ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅವ್ವ ಅಷ್ಟರಲ್ಲಿ ತನ್ನ ಕಾಲ ಮುಗಿಸಿಕೊಳ್ಳುತ್ತಿದ್ದಳು. ಅವಳದು ಎಂದು ಬರೆದು ನಾನೇ ಅದನ್ನು ಅವಳ ಕೈ ತಪ್ಪಿಸಿದ್ದೆ.

ಸುದ್ದಿ ಮೂರು ದಿನದಲ್ಲಿ ಲೈನು ಮುಟ್ಟಿತು. ಕಣದಲ್ಲಿ ಕಾಫಿ ಹರವಿದ್ದರು. ಮಗಳು ಉದ್ದ ಹಿಡಿಯ ಹಲಗೆಯಿಂದ ಅದನ್ನು ಮಗುಚುತ್ತಿದ್ದಳು. ನಾನು ಆ ದಾರಿಯಲ್ಲಿ ಹೋಗುವುದನ್ನು ತಪ್ಪಿಸಿಕೊಳ್ಳುತ್ತಿದ್ದೆ. ಆ ದಿನ ಆಗಲಿಲ್ಲ.

"ಹೌದಾ ಅಮ್ಮಾರೆ? ಯುಗಾದಿ ಕಳೆದ್ಮೇಲೆ ನಾವು ಲೈನಿಗಂತೆ?"

"ಇನ್ನೂ ಗಟ್ಟಿಯಾಗಿಲ್ಲ."

"ಜೀಪು ನಮ್ಮ ಒಲೆ ಮ್ಯಾಲೆ ಹೋಗ್ತದಂತೆ. ಚಿಕ್ಕಯ್ಯೋರೇ ಬಂದು ಹೆಜ್ಜೆ ಹಾಕಿ ಅಳೆದು ಹೋದ್ರು. ಅವ್ವ ಕಾಫಿ ಕಾಸ್ಕೊಟ್ಳು. ಕುಡುದು ಚೆನ್ನಾಗೈತೆ ಅಂದ್ರು."

ಅವಳು ಹಲಗೆ ನಿಲ್ಲಿಸಲಿಲ್ಲ. ನಾನು ನಡೆದದ್ದನ್ನು ಇದ್ದದ್ದು ಇದ್ದಂತೆ ಹೇಳಿದೆ: ಬೇಲಿ, ಚಕ್ಕುಬಂದಿ, ಸಾಹೇಬರು ಕನ್ನಡಕ ತೆಗೆದದ್ದು. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಅವ್ವನ ಮನೆ ಅಂತಲೇ ಬರ್ದಿದ್ರಾ? ಪತ್ರದಾಗೆ?"

"ಹೂಂ."

"ಇರ್ಲಿ ಬುಡಿ. ಒಂದು ಸಾರಿನಾದ್ರೂ ಬರ್ದಿದ್ರಲ್ಲ."

ಅಮ್ಮನ ಹತ್ತಿರ ಹೇಳಿಕೊಳ್ಳೋಣವೆಂದು ಬಚ್ಚಲುಮನೆಗೆ ಹೋದೆ. ಅಮ್ಮ ಹಂಡೆ ಉಜ್ಜುತ್ತಿದ್ದರು. ಸಹಿ ಹಾಕುವ ವಿಷಯ ಎತ್ತಿದ್ದೇ, "ಹಾಕು. ನಾನೂ ಹಾಕಿ ಬಂದೀನಿ," ಎಂದರು. ಅಮ್ಮನ ತವರು ಆಲೂರು ಕಡೆ. ಅವರ ಅಪ್ಪನಿಗೆ ನಮ್ಮಷ್ಟೇ ತೋಟವಿತ್ತು.

"ನಿಂಗೇನು ಕೊಟ್ರು?"

"ಒಂದು ಸೀರೆ. ಮತ್ತೆ ಇದು." ಹುಣಸೆಹಣ್ಣು ಮೆತ್ತಿದ್ದ ಕೈಯಿಂದಲೇ ಹಂಡೆಯನ್ನು ತಟ್ಟಿದರು. ನಾನು ಹುಟ್ಟಿದಾಗಿನಿಂದ ಸ್ನಾನದ ನೀರು ಕಾಯಿಸಿಕೊಂಡು ಬಂದ ಹಂಡೆ ಅದು. "ತಾಮ್ರ ಕಣೇ, ಗಟ್ಟಿ ಐತೆ," ಎಂದರು. ಅವರ ದನಿಯಲ್ಲಿ ನೋವಿತ್ತೋ ಹೆಮ್ಮೆಯಿತ್ತೋ ನನಗೆ ತಿಳಿಯಲಿಲ್ಲ. ನಾನು ಅಲ್ಲಿಂದ ಎದ್ದು ಬಂದೆ.

ಆ ವಾರ ಒಂದು ವಾಕ್ಯವನ್ನು ಮನಸ್ಸಿನಲ್ಲಿ ಬರೆದು ತಿದ್ದಿದೆ. ಮೊದಲು ಅದು ಉದ್ದವಾಗಿತ್ತು; ನ್ಯಾಯ, ತಾತನ ಮಾತು ಎಲ್ಲ ಇತ್ತು. ಒಂದೊಂದಾಗಿ ತೆಗೆದೆ. ಕೆಳಗೆ ಜೀಪಿನ ಸದ್ದಾದರೆ ಆಗಲೇ ಯಾರೋ ಗೋಡೆಗೆ ಹಾರೆ ಹಾಕಿದರೇನೋ ಎಂದು ಕಿಟಕಿಗೆ ಓಡುತ್ತಿದ್ದೆ. ನಾನು ಮನೆಯಲ್ಲಿ ಯಾವತ್ತೂ ಯಾವುದನ್ನೂ ಕೇಳಿದವಳಲ್ಲ. ಕೇಳುವ ಮೊದಲೇ ಎಲ್ಲವೂ ಬಂದಿತ್ತು. ಕೇಳುವುದನ್ನು ಕಲಿಯುವ ಅಗತ್ಯವೇ ಬಿದ್ದಿರಲಿಲ್ಲ.

ಭಾನುವಾರ ಮಧ್ಯಾಹ್ನ ಚಿಕ್ಕಪ್ಪ ಊಟಕ್ಕೆ ಬಂದಿದ್ದರು. ಅಕ್ಕಿರೊಟ್ಟಿ, ಕೋಳಿಸಾರು. ಅಮ್ಮ ಎರಡನೆಯ ರೊಟ್ಟಿ ಹಾಕುತ್ತಿದ್ದಾಗ ನಾನು ಹೇಳಿದೆ:

"ನನ್ನ ಅರಿಶಿನ ಕುಂಕುಮಕ್ಕೆ ಪಲ್ಪರ್ ಮನೆ ಜಾಗ ಬರೀರಿ."

ಚಿಕ್ಕಪ್ಪ ಮೊದಲು ತಮಾಷೆಯೆಂದೇ ತಿಳಿದರು. "ಅದನ್ನಿಟ್ಕೊಂಡು ಏನು ಮಾಡ್ತೀಯ ಮಗಾ? ಬರೋ ಅಳಿಯಂದ್ರು ಪಲ್ಪರ್ ತಿರುಗಿಸ್ತಾರಾ?"

"ಅವ್ವ ಅಲ್ಲೇ ಇರ್ಲಿ ಅಂತ."

"ಗಂಡಿನ ಕಡೆಯೋರು ಹುಡುಗಿ ಹೆಸರಲ್ಲಿ ಏನೈತೆ ಅಂತ ಕೇಳಿದ್ರೆ, ಒಂದು ಮುದುಕಿ ಐತೆ ಅನ್ನಾದಾ?"

ಅಮ್ಮ ರೊಟ್ಟಿಯ ತಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದರು. ಅಪ್ಪ ತಲೆ ಎತ್ತಲಿಲ್ಲ. ನಾನು ತಿದ್ದಿಟ್ಟುಕೊಂಡಿದ್ದ ವಾಕ್ಯ ಮುಗಿದುಹೋಗಿತ್ತು; ಮುಂದಿನದು ಯೋಚಿಸದೆ ಬಂತು. "ಇಲ್ಲದಿದ್ರೆ ನಾನು ಸಹಿ ಹಾಕಲ್ಲ," ಎಂದೆ. ನನಗೇ ನಾಚಿಕೆಯಾಯಿತು.

ಚಿಕ್ಕಪ್ಪನ ಮುಖದಲ್ಲಿ ನಗು ಹೋಯಿತು. ಅವರು ನನ್ನನ್ನು ನೋಡಿದ ರೀತಿ ಇವತ್ತಿಗೂ ನೆನಪಿದೆ. ಸಿಟ್ಟಲ್ಲ, ಜೀಪು ಕಲಿಸುವಾಗ ನಾನು ಬ್ರೇಕಿನ ಬದಲು ಬೇರೇನನ್ನೋ ತುಳಿದಾಗ ನೋಡಿದಂತೆ. "ಓದ್ಸಿದ್ದು ಇದಕ್ಕೇಯಾ ಅಣ್ಣ?" ಎಂದರು.

ಅಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಹಿಂದಿನ ಅಂಚಲ್ಲಿ ಎರಡು ಗುಂಟೆ ದಾರಿಗೆ ತಗೋ. ಅಲ್ಲಿ ಮರ ಕಡಿದ್ರೆ ಜೀಪು ಇಳೀತದೆ. ಮನೆ ಮುಟ್ಬ್ಯಾಡ. ಉಳಿದದ್ದು ಅವಳ ಹೆಸರಿಗೆ ಬರೀಲಿ."

ನನಗೆ ಸಮಾಧಾನವಾಗಬೇಕಿತ್ತು. ಆದರೆ ಕೈ ತೊಳೆಯುವಾಗ ಅರ್ಥವಾದದ್ದು ಬೇರೆ. ಅಪ್ಪ ಒಪ್ಪಿದ್ದು ತಾತನ ಮಾತಿಗಲ್ಲ; ತಾತನ ಮಾತು ಅವರಿಗೆ ಮೊದಲೂ ನೆನಪಿತ್ತು. ಅವ್ವ ಅಲ್ಲಿ ದುಡಿದ ವರ್ಷಗಳಿಗೂ ಅಲ್ಲ. ನಾನು ಅಪ್ಪನ ಮನೆಯಲ್ಲಿ ಹುಟ್ಟಿದ್ದೆ, ಆದ್ದರಿಂದ ನನ್ನ ಸಹಿಗೆ ತೂಕವಿತ್ತು. ಅವ್ವನ ಮಗಳು ಅದೇ ಮಾತನ್ನು ನನಗಿಂತ ಚೆನ್ನಾಗಿ ಹೇಳಬಲ್ಲವಳಾಗಿದ್ದಳು, ಬೇಲಿಯ ಆಚೆ ನಿಂತು.

ಪತ್ರ ನೋಂದಣಿಯಾದದ್ದು ಮುಂದಿನ ಬುಧವಾರ. ತಮ್ಮ ಮಂಗಳೂರಿನಿಂದ ಬಂದು, ಸಹಿ ಹಾಕಿ, ಮಾರನಹಳ್ಳಿಯ ಮೇಲೆ ಘಾಟಿ ಇಳಿಯುವ ಬಸ್ಸಿಗೇ ವಾಪಸು ಹೋದ. ಆರು ಗುಂಟೆ ಅರಿಶಿನ ಕುಂಕುಮದ ಬಾಬ್ತು ನನ್ನ ಹೆಸರಿಗೆ ಬಂತು. ಹೆಬ್ಬೆರಳಿಗೆ ಹತ್ತಿದ್ದ ಮಸಿಯನ್ನು ಒರೆಸಿಕೊಳ್ಳುತ್ತ ಸಾಹೇಬರನ್ನು ಒಂದು ಪ್ರಶ್ನೆ ಕೇಳಿದೆ: ಇದನ್ನು ನಾನು ಇನ್ನೊಬ್ಬರ ಹೆಸರಿಗೆ ಬರೆಯಬಹುದೇ? ಅವರು ಅಪ್ಪ ದೂರವಿದ್ದಾರೆಯೇ ಎಂದು ನೋಡಿ, ದನಿ ತಗ್ಗಿಸಿದರು. "ಬರೀಬೋದು. ಮೊದಲು ಪೋಡಿ ಆಗ್ಬೇಕಮ್ಮ. ಸರ್ವೆಯವರು ಬಂದು ಅಷ್ಟು ತುಂಡನ್ನ ಅಳೆದು, ಬೇರೆ ನಂಬರು ಕೊಡ್ಬೇಕು. ಅದಕ್ಕೆ ತಾಲ್ಲೂಕು ಕಚೇರಿಗೆ ಅರ್ಜಿ. ವರ್ಷಾನೂ ಆಗ್ಬೋದು, ಎರಡೂ ಆಗ್ಬೋದು. ಅಷ್ಟರಲ್ಲಿ ನಿಮ್ಮ ಮನಸ್ಸೂ ಬದಲಾಗ್ಬೋದು." ಅವರು ನಗಲಿಲ್ಲ. ಇಂಥ ಎಷ್ಟೋ ಮನಸ್ಸುಗಳನ್ನು ನೋಡಿದವರಂತೆ ಹೇಳಿದರು.

ಸಂಜೆ ಐದರ ಹೊತ್ತಿಗೆ ಪಲ್ಪರ್ ಮನೆಗೆ ಹೋದೆ. ಇಬ್ಬರೂ ಕೆಲಸ ಬಿಟ್ಟು ಬಂದಿದ್ದರು. ಅವ್ವ ಜಗಲಿಯ ಮೇಲೆ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಮನೆ ಉಳಿಯಿತು, ಹಿಂದಿನ ಹಿತ್ತಲಲ್ಲಿ ಒಂದಿಷ್ಟು ಹೋಯಿತು ಎಂದೆ. ಅವ್ವ ಅಷ್ಟು ಕೇಳಿದ್ದೇ ತಡ, ಕೆಳಗಿಳಿದು ನನ್ನ ಕಾಲು ಮುಟ್ಟಲು ಬಗ್ಗಿದಳು. ಅವಳಿಗೆ ಸೊಂಟ ಬಗ್ಗುವುದಿಲ್ಲ. ಅರ್ಧಕ್ಕೆ ನಿಂತಳು. ನಾನು ಅವಳ ಎರಡೂ ತೋಳು ಹಿಡಿದು, ಏನು ಮಾಡಬೇಕೋ ತಿಳಿಯದೆ ಹಾಗೆಯೇ ನಿಂತೆ. ಎಣ್ಣೆಯ ಕೈ ಜಾರುತ್ತಿತ್ತು.

"ಅವ್ವಾ, ಕೂತ್ಕ ನೀನು," ಎಂದಳು ಮಗಳು. ಆಮೇಲೆ ನನ್ನ ಕಡೆ ತಿರುಗಿ, "ಯಾರ ಹೆಸರಿಗೆ ಬರ್ದ್ರು?" ಎಂದು ಕೇಳಿದಳು.

"ನನ್ನ ಹೆಸರಿಗೆ."

"ಹಂಗಾರೆ ನಾವು ಈಗ ನಿಮ್ಮ ಪಾಲಿಗೆ ಬಂದ್ವಿ."

"ಹಂಗಲ್ಲ."

"ಹಂಗೇ ಅಲ್ವಾ? ಲೈನಿನೋರೆಲ್ಲ ನಮ್ಮನ್ನ ಕೇಳ್ತಿದ್ರು, ನೀವು ದೊಡ್ಡಯ್ಯೋರ ಪಾಲೋ ಚಿಕ್ಕಯ್ಯೋರ ಪಾಲೋ ಅಂತ. ಇನ್ನು ಅಮ್ಮಾರ ಪಾಲು ಅಂತೀವಿ." ಅವಳು ಕಹಿಯಾಗಿ ಹೇಳಲಿಲ್ಲ. ಲೆಕ್ಕ ಬಿಡಿಸುವಾಗ ಇದ್ದ ಅದೇ ದನಿ. "ನಾಳೆ ನಿಮ್ಮ ಮದುವೆ ಆಗ್ತದೆ. ಬರೋ ಯಜಮಾನ್ರು ಒಳ್ಳೇರಾಗಿರ್ಲಿ ಅಂತ ಈಗಿಂದ ನಾವೂ ಹರಕೆ ಹೊತ್ಕಬೇಕು. ನಿಮ್ಮವ್ವೋರು ಒಬ್ಬರೇ ಹೊತ್ರೆ ಸಾಲಲ್ಲ."

ಅವ್ವ, "ಸುಮ್ಕಿರೇ, ಬಾಯಿ ಜಾಸ್ತಿ ನಿಂಗೆ," ಎಂದು ಗದರಿದಳು.

"ನಿಮ್ಮವ್ವನ ಹೆಸರಿಗೇ ಬರೆದುಕೊಡ್ತೀನಿ," ಎಂದೆ.

"ನಿಮ್ಮ ತಾತೋರೂ ಹಿಂಗೇ ಅಂದಿದ್ರು," ಎಂದಳು ಮಗಳು. "ಯಾವಾಗ?"

ಪೋಡಿ, ಸರ್ವೆ, ವರ್ಷ, ಎರಡು ವರ್ಷ ಎಂದೆಲ್ಲ ಹೇಳಿದೆ. ಹೇಳುತ್ತಿದ್ದಂತೆ ನನ್ನ ಕಿವಿಗೇ ಅದು ತಪ್ಪಿಸಿಕೊಳ್ಳುವವರ ಮಾತಿನಂತೆ ಕೇಳಿಸಿತು. ತಾತನೂ ಸುಳ್ಳು ಹೇಳಿರಲಿಲ್ಲ. ಮುಂದಿನ ವಾರ, ಮುಂದಿನ ಸುಗ್ಗಿ ಕಳೆದ ಮೇಲೆ ಎಂದು ಮುಂದೂಡುತ್ತ ಬಂದಿರಬೇಕು. ನನಗೂ ಯಾವುದೋ ಕಾಲೇಜಿನಿಂದ ಕಾಗದ ಬರುತ್ತದೆ. ಹೋಗುತ್ತೇನೆ. ಆ ಆರು ಗುಂಟೆ ನನ್ನ ಹೆಸರಿನಲ್ಲಿ, ನನಗೆ ಯಾವ ತೊಂದರೆಯನ್ನೂ ಕೊಡದೆ ಇರುತ್ತದೆ. ತೊಂದರೆ ಕೊಡದೆ ಇರುವುದೇ ಅದರ ಗುಣ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಸಕಲೇಶಪುರಕ್ಕೆ ಹೋದೆ. ಕಾಲೇಜಿನ ಅರ್ಜಿ ಎಂದು ಅಮ್ಮನಿಗೆ ಹೇಳಿದೆ, ಅಪ್ಪ ಎದ್ದಿರಲಿಲ್ಲ. ತಾಲ್ಲೂಕು ಕಚೇರಿಯ ಬಾಗಿಲು ತೆರೆದಿರಲಿಲ್ಲ, ಮೆಟ್ಟಿಲ ಮೇಲೆ ಕುಳಿತು ಕಾದೆ. ಪೋಡಿ ಅರ್ಜಿಯ ನಮೂನೆಯಲ್ಲಿ ಹಕ್ಕು ಬಂದ ಬಗೆ ಎಂಬ ಕಲಮು ಇತ್ತು. ಎದುರಿಗೆ ಎರಡು ಪದಗಳು: ಪಿತ್ರಾರ್ಜಿತ, ಸ್ವಯಾರ್ಜಿತ. ಅನ್ವಯಿಸದ್ದನ್ನು ಹೊಡೆದುಹಾಕಬೇಕು. ಕಿಟಕಿಯ ಒಳಗಿದ್ದವರು, "ಬೇಗ ಆಗ್ಲಿ ಮೇಡಂ, ಹಿಂದೆ ಜನ ಇದ್ದಾರೆ," ಎಂದರು. ಸ್ವಯಾರ್ಜಿತ ಎಂಬ ಪದದ ಮೇಲೆ ನೇರವಾಗಿ ಒಂದು ಗೆರೆ ಎಳೆದು, ಸಹಿ ಹಾಕಿ, ಒಳಗೆ ಕೊಟ್ಟೆ. ಪತ್ರದ ನಕಲು ಇಲ್ಲವಲ್ಲ, ಅದು ಬಂದ ಮೇಲೆ ಬನ್ನಿ ಎಂದರು. ನಕಲು ಆಮೇಲೆ ತಂದುಕೊಡುತ್ತೇನೆ, ಅರ್ಜಿ ಇವತ್ತಿನ ತಾರೀಕಿಗೇ ಸೇರಿಸಿಕೊಳ್ಳಿ ಎಂದು ಎರಡು ಸಲ ಕೇಳಿಕೊಂಡೆ. ಎರಡನೆಯ ಸಲ ಅವರು ತಲೆ ಎತ್ತಿ ನೋಡಿ, ಸೀಲು ಒತ್ತಿ, ಸ್ವೀಕೃತಿಯ ಚೀಟಿಯನ್ನು ಹೊರಗೆ ತಳ್ಳಿದರು. ಅದರ ಮಸಿ ಒಣಗುವವರೆಗೆ ಪಕ್ಕಕ್ಕೆ ಸರಿದು ನಿಂತಿದ್ದೆ.